ಟ್ಯಾಂಕ್ ತುಂಬಿಸಿ ತೆಗೆದ ಮೈಲೇಜ್ ನಂಬಿ ಸಣ್ಣ ಕಾರುಗಳನ್ನು ಹೋಲಿಸಬಹುದೇ?

ಪರ: ನೋಟ್‌ಬುಕ್ ಲೆಕ್ಕವೇ ಲೆಕ್ಕ

ನನ್ನ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಎಣ್ಣೆ ಕಲೆಯಾದ ಒಂದು ಸಣ್ಣ ನೋಟ್‌ಬುಕ್ ಇದೆ. ಟ್ಯಾಂಕ್ ಪೂರ್ತಿ ತುಂಬಿಸಿದಾಗಲೆಲ್ಲ ಅದರಲ್ಲಿ ತಾರೀಖು, ಓಡಿದ ಕಿಲೋಮೀಟರ್, ಹಾಕಿಸಿದ ಲೀಟರ್ ಬರೆಯುತ್ತೇನೆ. ಕೊನೆಯ ಸಾಲು ಹೀಗಿದೆ: 412 ಕಿ.ಮೀ., 24.6 ಲೀಟರ್. ಭಾಗಿಸಿದರೆ 16.7. ಅದೇ ದಿನ ಡ್ಯಾಶ್‌ಬೋರ್ಡ್ ಪರದೆ 18.1 ಎಂದು ಖುಷಿಯಾಗಿ ತೋರಿಸುತ್ತಿತ್ತು. ಕಂಪನಿ ಹೇಳಿದ್ದು ಇವೆರಡಕ್ಕಿಂತ ಇನ್ನೂ ಮೇಲೆ. ಮೂರರಲ್ಲಿ ಯಾವುದನ್ನು ನಂಬಲಿ? ನಾನು ದುಡ್ಡು ಕೊಟ್ಟಿದ್ದು 24.6 ಲೀಟರಿಗೆ ಅಲ್ವಾ?

ಕಂಪನಿಯ ಸಂಖ್ಯೆ ಬರುವುದು ಲ್ಯಾಬ್ ಪರೀಕ್ಷೆಯಿಂದ. ಅದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಆದರೆ ಅಲ್ಲಿ ಕಾರು ರೋಲರ್ ಮೇಲೆ ನಿಂತಲ್ಲೇ ಓಡುತ್ತದೆ. ಯುರೋಪಿನಲ್ಲಿ ಬಹಳ ವರ್ಷ ನಡೆದ ಎನ್‌ಇಡಿಸಿ ಪರೀಕ್ಷೆ 20 ನಿಮಿಷದ್ದು, ದೂರ ಸುಮಾರು 11 ಕಿ.ಮೀ. ಎಸಿ ಆಫ್. ವೇಗ ಏರುವುದು ಎಷ್ಟು ನಿಧಾನ ಅಂದರೆ, ನಿಜವಾದ ರಸ್ತೆಯಲ್ಲಿ ಹಾಗೆ ಓಡಿಸಿದರೆ ಹಿಂದಿನವರು ಹಾರ್ನ್‌ನಿಂದ ಕೈ ತೆಗೆಯುವುದೇ ಇಲ್ಲ. ಐಸಿಸಿಟಿ ಎಂಬ ಸಂಶೋಧನಾ ಸಂಸ್ಥೆ ಯುರೋಪಿನ ಕಾರುಗಳ ರಸ್ತೆಯ ಲೆಕ್ಕವನ್ನು ಈ ಲ್ಯಾಬ್ ಲೆಕ್ಕದ ಪಕ್ಕಕ್ಕಿಟ್ಟು ನೋಡಿತು. 2001ರಲ್ಲಿ ವ್ಯತ್ಯಾಸ ಶೇ. 9ರ ಆಸುಪಾಸಿನಲ್ಲಿತ್ತು. 2015ರ ಹೊತ್ತಿಗೆ ಶೇ. 42ಕ್ಕೆ ಏರಿತ್ತು. ಇದು ಹೇಗೆ ಬಯಲಾಯಿತು ಗೊತ್ತೇ? ಆ ಮಾಹಿತಿಯಲ್ಲಿ ಒಂದು ಪಾಲು ನನ್ನಂತೆ ಪ್ರತಿ ಸಲ ಬರೆದಿಟ್ಟ ಸಾಮಾನ್ಯ ಕಾರು ಮಾಲೀಕರದ್ದು.

2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಲ್ಯಾಬ್ ಪರೀಕ್ಷೆ ಬಂತು. 30 ನಿಮಿಷ, 23 ಕಿ.ಮೀ., ಜಾಸ್ತಿ ವೇಗ. ಹಳೆಯದಕ್ಕಿಂತ ಖಂಡಿತ ಒಳ್ಳೆಯದು. ಆದರೂ 2021ರಲ್ಲಿ ನೋಂದಣಿಯಾದ ಪೆಟ್ರೋಲ್ ಕಾರುಗಳೊಳಗಿನ ಮೀಟರ್‌ಗಳಿಂದ ತೆಗೆದ ಮಾಹಿತಿ ನೋಡಿದಾಗ, ಲ್ಯಾಬ್ ಲೆಕ್ಕಕ್ಕಿಂತ ಸುಮಾರು ಶೇ. 24ರಷ್ಟು ಜಾಸ್ತಿ ಇಂಧನ ಹೋಗಿತ್ತು. ಹೋಗಲಿ, ಎಲ್ಲ ಕಾರುಗಳಿಗೂ ಅಷ್ಟೇ ವ್ಯತ್ಯಾಸ ಬಿದ್ದಿದ್ದರೆ ಹೋಲಿಕೆಗೇನೂ ತೊಂದರೆ ಇರಲಿಲ್ಲ. ಹಾಗಾಗುವುದಿಲ್ಲ. ಒಂದು ಕಾರು ಸ್ವಲ್ಪ ತಪ್ಪುತ್ತದೆ, ಇನ್ನೊಂದು ತುಂಬಾ. ಲ್ಯಾಬಿನಲ್ಲಿ ಮುಂದಿದ್ದದ್ದು ರಸ್ತೆಯಲ್ಲೂ ಮುಂದಿರುತ್ತದೆ ಎಂಬ ಭರವಸೆ ಇಲ್ಲ.

"ಟ್ಯಾಂಕ್ ತುಂಬಿತು ಅಂತ ಪಂಪಿನ ನಾಜಲ್ ಒಂದೊಂದು ಸಲ ಒಂದೊಂದು ಕಡೆ ಕಟ್ ಆಗುತ್ತೆ, ನಿನ್ನ ಲೆಕ್ಕ ಸರಿ ಹೇಗೆ?" ಎಂದು ಕೇಳುವವರಿದ್ದಾರೆ. ಕಟ್ ಆಗುವುದು ನಿಜ. ಒಂದೇ ಟ್ಯಾಂಕ್ ನೋಡಿದರೆ 25 ಲೀಟರಿಗೆ ಒಂದು ಲೀಟರ್ ಆಚೀಚೆಯಾಗಿ ಶೇ. 4 ತಪ್ಪಾಗುತ್ತದೆ. ಆದರೆ ಈ ತಪ್ಪು ಕೂಡುತ್ತಾ ಹೋಗುವುದಿಲ್ಲ. ಈ ಸಲ ಕಡಿಮೆ ತುಂಬಿದ್ದರೆ ಮುಂದಿನ ಸಲ ಅಷ್ಟೇ ಜಾಸ್ತಿ ಹಿಡಿಯುತ್ತದೆ. 20 ಸಲ ತುಂಬಿಸಿದ ಮೇಲೆ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಮೊದಲ ಸಲ ಮತ್ತು ಕೊನೆಯ ಸಲದ ತಪ್ಪು ಮಾತ್ರ ಉಳಿಯುತ್ತದೆ. 500 ಲೀಟರಿನಲ್ಲಿ ಒಂದು ಲೀಟರ್ ಅಂದರೆ ಶೇ. 0.2. ಇಷ್ಟು ಸಾಲದೇ?

ವಿರೋಧ: ಆ ಸಂಖ್ಯೆ ಕಾರಿನದ್ದಲ್ಲ

ಮೇಲಿನ ಗಣಿತದಲ್ಲಿ ತಪ್ಪಿಲ್ಲ. 500 ಲೀಟರ್ ಸುಟ್ಟು ಬರೆದ ಲೆಕ್ಕ ಚೊಕ್ಕವಾಗಿದೆ. ಆದರೆ ಅದು ಯಾವುದರ ಲೆಕ್ಕ? ಆ ಕಾಲು, ಆ ರಸ್ತೆ, ಆ ಹವೆ, ಆ ಟೈರ್ ಗಾಳಿ, ಜೊತೆಗೆ ಆ ಕಾರು, ಎಲ್ಲ ಸೇರಿದ ಲೆಕ್ಕ. ಅದರಿಂದ ಕಾರನ್ನಷ್ಟೇ ಬೇರೆ ಮಾಡುವುದು ಹೇಗೆ?

ಸಣ್ಣ ಕಾರಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಒಂದು ಲೀಟರ್ ಎಂಜಿನ್ನಿಗೆ ಎಸಿ ಎಂದರೆ ಸಣ್ಣ ಹೊರೆಯಲ್ಲ. ನಿಧಾನ ಟ್ರಾಫಿಕ್ಕಿನಲ್ಲಿ ಕಾರು ನಡೆಸಲು ಬೇಕಾಗುವ ಶಕ್ತಿಯೇ ಕಡಿಮೆ, ಅದರ ಪಕ್ಕದಲ್ಲಿ ಎಸಿಯ ಪಾಲು ದೊಡ್ಡದಾಗಿ ಕಾಣುತ್ತದೆ. ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವವರ ಎಂಜಿನ್ ಸರಿಯಾಗಿ ಬಿಸಿಯಾಗುವುದೇ ಇಲ್ಲ, ಹೋಗುವಾಗಲೂ ಬರುವಾಗಲೂ ಪೆಟ್ರೋಲ್ ಕುಡಿಯುತ್ತದೆ. ಹೈವೇಯಲ್ಲಿ ಬೇರೆ ಕಥೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ಗಿಂತ 110ರಲ್ಲಿ ತಡೆ ಹೆಚ್ಚುಕಮ್ಮಿ ಎರಡರಷ್ಟು.

ಪೆಟ್ರೋಲ್ ಕೂಡ ಒಂದೇ ತರ ಇರುವುದಿಲ್ಲ. ಅದಕ್ಕೆ ಬೆರೆಸುವ ಎಥೆನಾಲ್‌ನಲ್ಲಿರುವ ಶಕ್ತಿ ಅಷ್ಟೇ ಪೆಟ್ರೋಲಿನ ಮೂರನೇ ಎರಡು ಭಾಗ. ಶೇ. 20 ಬೆರೆಸಿದರೆ ಲೀಟರಿಗೆ ಶೇ. 6-7ರಷ್ಟು ಶಕ್ತಿ ಕಡಿಮೆ. ಟೈರ್ ಸವೆದರೆ ಸುತ್ತಳತೆ ಕುಗ್ಗಿ ಓಡೋಮೀಟರ್ ಶೇ. 2ರವರೆಗೂ ಜಾಸ್ತಿ ಎಣಿಸುತ್ತದೆ. ಓಡದ ಕಿಲೋಮೀಟರ್ ಅದು.

ನೂರಾರು ಜನರ ಲೆಕ್ಕ ಸೇರಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾರೆ. ಹೋಗಲ್ಲ. ಒಂದು ಮಾಡೆಲನ್ನು ಹೆಚ್ಚಾಗಿ ಊರೊಳಗೆ ಓಡಾಡುವವರು ಕೊಂಡಿರುತ್ತಾರೆ, ಇನ್ನೊಂದನ್ನು ದೂರ ಹೋಗುವವರು. ಮೊದಲನೆಯದಕ್ಕೆ ಸಾವಿರ ಜನರನ್ನು ಸೇರಿಸಿದರೂ ಅವರು ಊರೊಳಗೇ ಇರುತ್ತಾರೆ. ಇನ್ನು ಪ್ರತಿ ಲೀಟರ್ ಬರೆದಿಡುವವರು ಯಾರು? ಮೈಲೇಜ್ ಬಗ್ಗೆ ತಲೆ ಕೆಡಿಸಿಕೊಂಡವರು. ಅವರ ಕಾಲು ಆಕ್ಸಿಲರೇಟರ್ ಮೇಲೆ ಹಗುರ. ಬರೆಯದವರ ಕಥೆ ಬೇರೆ, ಅದು ನಮಗೆ ಸಿಗುವುದೂ ಇಲ್ಲ.

ನನಗೆ ಹೆಚ್ಚು ಸಿಟ್ಟು ಬರಿಸುವುದು "ಲೀಟರಿಗೆ ಎಷ್ಟು ಕೊಡುತ್ತೆ?" ಎಂಬ ಪ್ರಶ್ನೆಯೇ. 12 ಕೊಡುವ ಕಾರಿಗೂ 14 ಕೊಡುವ ಕಾರಿಗೂ ನೂರು ಕಿಲೋಮೀಟರಿಗೆ 1.2 ಲೀಟರ್ ವ್ಯತ್ಯಾಸ. 20ಕ್ಕೂ 22ಕ್ಕೂ? ಅರ್ಧ ಲೀಟರ್ ಕೂಡ ಇಲ್ಲ. ಎರಡರಲ್ಲೂ "ಎರಡು ಜಾಸ್ತಿ" ಎಂದೇ ಕೇಳಿಸುತ್ತದೆ. ಸಣ್ಣ ಕಾರು ಕೊಳ್ಳುವವರು ಈ ಎರಡಕ್ಕಾಗಿ ತಿಂಗಳುಗಟ್ಟಲೆ ಜಗಳ ಆಡುತ್ತಾರೆ. ಸರಾಸರಿಯಲ್ಲೂ ಇದೇ ಎಡವಟ್ಟು. ಒಂದು ದೂರ 12ರಂತೆ, ಅಷ್ಟೇ ದೂರ 20ರಂತೆ ಓಡಿದರೆ ಸರಾಸರಿ 16 ಅಲ್ಲ, 15. ನಂಬಿಕೆ ಬರದಿದ್ದರೆ 120 ಕಿ.ಮೀ. ಇಟ್ಟುಕೊಂಡು ಲೆಕ್ಕ ಮಾಡಿ: 10 ಲೀಟರ್, ಆಮೇಲೆ 6 ಲೀಟರ್.

ನಾನೂ ನನ್ನ ಗೆಳೆಯನೂ ಒಮ್ಮೆ ಒಂದು ಆಟ ಆಡಿದೆವು. ನನ್ನ ಕಾರು 14.5 ಕೊಡುತ್ತಿತ್ತು, ಅವನದ್ದು 17.5. ಅವನ ಕಾರೇ ಮೇಲು ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು, ನಾನು ಸ್ವಲ್ಪ ಬೇಸರದಿಂದ. ಕೊನೆಗೆ ಕಾರು ಅದಲುಬದಲು ಮಾಡಿಕೊಂಡೆವು. ರಸ್ತೆ ಅವರವರದೇ, ಎರಡೆರಡು ಟ್ಯಾಂಕ್. ನನ್ನ ಕಾರು ಅವನ ಕೈಯಲ್ಲಿ 17.1 ಕೊಟ್ಟಿತು. ಅವನದ್ದು ನನ್ನ ಕೈಯಲ್ಲಿ 14.9. ಮೂರು ಎಂದುಕೊಂಡಿದ್ದ ವ್ಯತ್ಯಾಸದಲ್ಲಿ ಕಾರಿನ ಪಾಲು 0.4. ಎರಡೇ ಟ್ಯಾಂಕಿನ ಲೆಕ್ಕದಲ್ಲಿ ನಾಜಲ್ ಒಂದು ಸಲ ಬೇಗ ಕಟ್ ಆದರೂ ಹೆಚ್ಚುಕಮ್ಮಿ ಅಷ್ಟು ಆಚೀಚೆ ಆಗುತ್ತದೆ.