ಬಣವೆಯ ನೇರಳೆ ನೆರಳು

ದೊಡ್ಡಪ್ಪನ ಕಣದ ಅಂಚಿನಲ್ಲಿರುವ ರಾಗಿಹುಲ್ಲಿನ ಬಣವೆಯನ್ನು ಎಣ್ಣೆಬಣ್ಣದಲ್ಲಿ ಬರೆಯಲು ಕುಳಿತ ಮೊದಲ ದಿನ, ಒಂದು ಕಡ್ಡಿಯನ್ನೂ ಬಿಡದೆ ಬರೆದು, ಸಂಜೆಯ ಹೊತ್ತಿಗೆ ಭಾರಿ ಗಾತ್ರದ ಪೊರಕೆಯೊಂದನ್ನು ಸೃಷ್ಟಿಸಿದ್ದೆ.

ಫ್ರಾನ್ಸಿನ ಚಿತ್ರಕಾರ ಕ್ಲಾಡ್ ಮೊನೆ ಈ ಕಡ್ಡಿಗಳ ಗೊಡವೆಗೇ ಹೋದವನಲ್ಲ. ಜಿವರ್ನಿಯಲ್ಲಿ ತನ್ನ ಮನೆಯ ಹತ್ತಿರದ ಹೊಲದ ಗೋಧಿ ಬಣವೆಗಳನ್ನು 1890–91ರಲ್ಲಿ ಸುಮಾರು 25 ಸಲ ಬರೆದ ಅವನು, ಬಿಸಿಲು ಬದಲಾದಂತೆಲ್ಲ ಒಂದು ಕ್ಯಾನ್ವಾಸನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಹೀಗೆ ಬಯಲಿಗೆ ಹೊರಡುವುದು ಸಲೀಸಾದದ್ದು, ಜಾನ್ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ 1841ರಲ್ಲಿ ಬಣ್ಣ ತುಂಬಿಡುವ ಲೋಹದ ಟ್ಯೂಬಿಗೆ ಪೇಟೆಂಟ್ ಪಡೆದ ಮೇಲೆ. ಅದಕ್ಕೂ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದಲ್ಲಿ ಕಟ್ಟಿಡುತ್ತಿದ್ದರು. ನನ್ನ ಚಪ್ಪಟೆ ಕುಂಚದ ಬಿರುಸು ಕೂದಲೂ ಹಂದಿಯದೇ ಆದ್ದರಿಂದ, ಆ ಪ್ರಾಣಿಗೆ ಚಿತ್ರಕಲೆಯ ಋಣ ಸಾಕಷ್ಟಿದೆ.

ಎರಡನೆಯ ದಿನ ಕಣ್ಣನ್ನು ಅರೆಮುಚ್ಚಿ ನೋಡಿದೆ. ಕಡ್ಡಿಗಳೆಲ್ಲ ಮಾಯವಾಗಿ ಬಿಸಿಲು ಬಿದ್ದ ಒಂದು ಮಗ್ಗುಲು, ಬೀಳದ ಇನ್ನೊಂದು ಮಗ್ಗುಲು ಮಾತ್ರ ಉಳಿದವು. ನೆರಳೆಂದರೆ ಕಪ್ಪು ಎಂಬ ಶಾಲೆಯ ದಿನಗಳ ನಂಬಿಕೆಯನ್ನು ಬಿಡುವುದೇ ಕಷ್ಟವಾಯಿತು. ಬೆಳಗಿನ ಎಂಟರ ಬಿಸಿಲಿನಲ್ಲಿ ಆ ನೆರಳು ನಿಜಕ್ಕೂ ನೇರಳೆಯಾಗಿತ್ತು. ಅಲ್ಟ್ರಾಮರೀನ್ ನೀಲಿಗೆ ತುಸು ಕಡುಗೆಂಪು ಬೆರೆಸಿ ಹುಲ್ಲಿನ ಹಳದಿಯ ಪಕ್ಕದಲ್ಲೇ ಎಳೆದಾಗ, ಮುಟ್ಟದೆಯೇ ಹಳದಿ ಇನ್ನಷ್ಟು ಉರಿಯಿತು. ಹಸಿಬಣ್ಣದ ಮೇಲೆ ಒಂದೇ ಎಳೆತಕ್ಕೆ ಕೈ ಎತ್ತಿದರೆ ಬೆಳಕು ನಿಲ್ಲುತ್ತದೆ, ಚೆಂದ ಮಾಡೋಣವೆಂದು ಎರಡನೆಯ ಸಲ ಸವರಿದರೆ ಎರಡೂ ಕಲೆತು ಕೆಸರಾಗುತ್ತದೆ. ಹಾಗೆ ಸವರಬಾರದೆಂದು ಗೊತ್ತಿದ್ದೂ ನಾನು ಆರೇಳು ಕಡೆ ಸವರಿದೆ. ಹಳೆಯ ಬನಿಯನ್ನಿನ ತುಂಡಿನಲ್ಲಿ ಕುಂಚ ಒರೆಸಿ ಒರೆಸಿ, ಕೊನೆಗೆ ಕ್ಯಾನ್ವಾಸಿಗಿಂತ ಆ ಬಟ್ಟೆಯೇ ಹೆಚ್ಚು ಸಹಜವಾಗಿ ಕಾಣತೊಡಗಿತು.

ದನಕ್ಕೆ ಹುಲ್ಲು ಹಿರಿಯಲು ಬಂದ ದೊಡ್ಡಪ್ಪ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ, "ಇದೇನ್ಲಾ, ಬರೀ ಬಣ್ಣ ಮೆತ್ತಿದೀಯಲ್ಲ," ಎಂದರು. ನಾನು ಸುಮ್ಮನಿದ್ದೆ. ಹುಲ್ಲಿನ ಹೊರೆ ಹೊತ್ತು ಹತ್ತು ಹೆಜ್ಜೆ ನಡೆದವರು ತಿರುಗಿ ನೋಡಿ ಅಲ್ಲೇ ನಿಂತರು.

"ಬಣವೆ ಎಡಕ್ಕೆ ವಾಲೈತೆ ಕಣ್ಲಾ. ಹಿಂಗೆ ಒಟ್ಟುದ್ರೆ ಮಳೆನೀರು ಒಳಕ್ಕಿಳಿದು ಹುಲ್ಲೆಲ್ಲ ಕೊಳ್ತೋಯ್ತದೆ."