ಚಿತ್ರ ಮುಚ್ಚಿ ಓದಿಸಿ ನೋಡಿ

ದಿನಾ ಅರ್ಧ ಗಂಟೆ ಕಲಿಕೆಯ ವೆಬ್‌ಸೈಟ್ ಮುಂದೆ ಕೂರಿಸಿದರೆ ಮಗು ತಾನೇ ಓದು ಕಲಿಯುತ್ತದೆ ಎಂದು ಬರೆದಿದ್ದೀರಿ. ನನಗೆ ಒಪ್ಪಿಗೆಯಿಲ್ಲ. ನಾವೂ ಮಗಳಿಗೆ ಇದನ್ನೇ ಮಾಡಿದೆವು. ಆನೆ ಚಿತ್ರ ಒತ್ತಿದರೆ 'ಆನೆ' ಅನ್ನುತ್ತಿತ್ತು, ಇವಳೂ ಹೇಳುತ್ತಿದ್ದಳು. ಒಂದು ದಿನ ಚಿತ್ರವನ್ನು ಕೈಯಿಂದ ಮುಚ್ಚಿ, ಬರೆದ ಪದವನ್ನಷ್ಟೇ ತೋರಿಸಿ ಕೇಳಿದೆ. ಸುಮ್ನೆ ನನ್ನ ಮುಖ ನೋಡಿದಳು!

ಇಂಗ್ಲಿಷ್‌ನ ಕಷ್ಟವೇ ಬೇರೆ. ಅಲ್ಲಿ ಒಂದೇ ಅಕ್ಷರಕ್ಕೆ ನಾಲ್ಕಾರು ಉಚ್ಚಾರ, ಹಾಗಾಗಿ ಅಕ್ಷರಕ್ಕೆ ಉಚ್ಚಾರ ಜೋಡಿಸಿ ಕಲಿಸುವ ಫೋನಿಕ್ಸ್ ಆಟಗಳಿಂದ ಉಪಯೋಗ ಇರಬಹುದು. ಕನ್ನಡದಲ್ಲಿ ಮಕ್ಕಳು ಎಡವುವುದು ಕಾಗುಣಿತ, ಒತ್ತಕ್ಷರದಲ್ಲಿ. ಅದರಲ್ಲೂ ಅರ್ಕಾವೊತ್ತು! 'ಸೂರ್ಯ' ಪದದಲ್ಲಿ ರಕಾರದ ಗುರುತು ಯಕಾರದ ಆಮೇಲೆ ಬರುತ್ತದೆ, ಓದುವಾಗ ಮಾತ್ರ ಮೊದಲು ಹೇಳಬೇಕು. ನನ್ನ ಮಗಳು ಎಷ್ಟೋ ದಿನ 'ಸೂಯರ' ಅಂತಲೇ ಓದುತ್ತಿದ್ದಳು. ಪಕ್ಕದಲ್ಲಿ ಕೂತು ಬೆರಳಿಟ್ಟು ತೋರಿಸಿದ ಮೇಲೇ ಸರಿಹೋಯಿತು. ಪರದೆ ಅವಳ ತಪ್ಪನ್ನು ಕೇಳಿಸಿಕೊಳ್ಳುವುದಿಲ್ಲ ಅಲ್ವಾ?

ಹಾಗಂತ ವೆಬ್‌ಸೈಟೇ ಬೇಡ ಅನ್ನುತ್ತಿಲ್ಲ. ನಮ್ಮ ಬೆಂಗಳೂರಿನದೇ ಮಕ್ಕಳ ಪುಸ್ತಕಗಳ ಸಂಸ್ಥೆ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಕಥೆಗಳು ಪುಕ್ಕಟೆ ಸಿಗುತ್ತವೆ, ಓದುವ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳಲ್ಲಿ. ರಾತ್ರಿ ಒಂದು ಕಥೆ ತೆಗೆದು, ಒಂದು ಸಾಲು ನಾನು, ಒಂದು ಸಾಲು ಅವಳು ಓದುತ್ತೇವೆ. ಅಲ್ಲಿ ಮೊಬೈಲ್ ಬರೀ ಪುಸ್ತಕ, ಮೇಷ್ಟ್ರಲ್ಲ.

ಇನ್ನು ಬಿಎಂಟಿಸಿ ಬಸ್ಸಿನ ಬೋರ್ಡು. ಬನಶಂಕರಿ ನಿಲ್ದಾಣದಲ್ಲಿ ಕಾಯುವಾಗ ಅವಳು ಓದಿದಷ್ಟು ಪದಗಳನ್ನು ಯಾವ ಆಟದಲ್ಲೂ ಓದಿಲ್ಲ. ಬಸ್ಸು ಹೊರಡುವುದರೊಳಗೆ ಓದಿ ಮುಗಿಸಬೇಕಲ್ಲ, ಆ ಆತುರ ಅವಳಿಗೆ ಭಾರಿ ಖುಷಿ.