ಬಡಬಡ

ನಮ್ಮಜ್ಜಿಗೆ ಅರ್ಥವಾಗದ ಮಾತೆಲ್ಲ ಬಡಬಡ. ಟಿವಿಯಲ್ಲಿ ಇಂಗ್ಲಿಷ್ ಕಾಮೆಂಟರಿ ಬಂದರೆ ಸಾಕು, "ಅದೇನ್ ಬಡಬಡಿಸ್ತಾನೋ" ಎಂದು ಎದ್ದು ಹೋಗುತ್ತಾರೆ. ಈ ಜಾತಿಯ ಪದಗಳು ನಮ್ಮಲ್ಲಿ ಜಾಸ್ತಿ. ಗೊಣಗೊಣ ಅಂದರೆ ಆಡುವವನಿಗೆ ಮಾತ್ರ ತಿಳಿಯುವಂಥದ್ದು. ಗುಸುಗುಸು ನಮ್ಮ ಬಗ್ಗೆಯೇ ಇರುತ್ತದೆ. ವಟವಟ ಪೂರ್ತಿ ಅರ್ಥವಾಗುತ್ತದೆ, ಕೇಳುವ ಮನಸ್ಸಿರುವುದಿಲ್ಲ ಅಷ್ಟೆ.

ಹಾಸನದಿಂದ ಮಂಗಳೂರಿಗೆ ಬಂದ ಹೊಸತರಲ್ಲಿ ನನಗೆ ತುಳು, ಕೊಂಕಣಿ, ಬ್ಯಾರಿ ಮೂರೂ ಒಂದೇ ಬಡಬಡ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಉಸಿರು ಬಿಡದೆ ಸುರತ್ಕಲ್‌ಮುಲ್ಕಿಪಡುಬಿದ್ರಿಕಾಪುಉಡುಪಿ ಎಂದು ಕೂಗಿದರೆ ಅದು ಐದು ಊರೋ ಒಂದು ಮಂತ್ರವೋ ತಿಳಿಯುತ್ತಿರಲಿಲ್ಲ. ಒಮ್ಮೆ ಸುರತ್ಕಲ್ ಬಸ್ಸಿನಲ್ಲಿ ಕಂಡಕ್ಟರು "ಜಪ್ಪುಲೆ, ಜಪ್ಪುಲೆ" ಅಂದ. ಜಪ್ಪು ಎಂಬ ಜಾಗ ಮಂಗಳೂರಿನಲ್ಲೇ ಇದೆ ಅಲ್ವಾ, ಬಸ್ಸು ತಿರುಗಿ ಅಲ್ಲಿಗೆ ಹೊರಟಿತು ಅಂದುಕೊಂಡು ಗಟ್ಟಿಯಾಗಿ ಕೂತೆ. ಇಳಿಯಿರಿ ಎಂದು ಅವನು ಹೇಳಿದ್ದು ಗೊತ್ತಾಗುವಾಗ ನನ್ನ ಸ್ಟಾಪು ಹಿಂದೆ ಉಳಿದಿತ್ತು.

ಮನೆ ಓನರು ಆಂಟಿಗೆ ಇದನ್ನು ಹೇಳಿದೆ. ಅವರು ನಕ್ಕು, "ಅಲ್ಲ ಮಾರಾಯ್ರೆ, ನೀವು ಘಟ್ಟದವರು ಬಡಬಡ ಮಾತಾಡುವಾಗ ನಮಗೂ ಒಂದೂ ಗೊತ್ತಾಗುದಿಲ್ಲ" ಅಂದುಬಿಟ್ಟರು. ನನ್ನ ಕನ್ನಡವೂ ಬಡಬಡವೇ! ಎರಡು ದಿನ ಬೇಜಾರಾಗಿತ್ತು.

ಗ್ರೀಕರ ಕಿವಿಯೂ ಹೀಗೇ ಇತ್ತು. ಹೊರಗಿನವರ ಮಾತು ಅವರಿಗೆ ಬರ್ ಬರ್ ಎಂದು ಕೇಳಿಸಿ, ಅದರಿಂದಲೇ 'ಬಾರ್ಬರೋಸ್' ಪದ ಹುಟ್ಟಿತಂತೆ. ನಾವೇನು ಕಡಿಮೆಯಲ್ಲ, ಮ್ಲೇಚ್ಛ ಅನ್ನುವುದರ ಮೂಲದಲ್ಲೂ ಅಸ್ಪಷ್ಟವಾಗಿ ಮಾತಾಡುವುದು ಎಂಬ ಅರ್ಥವೇ ಇದೆ. ತಮಾಷೆ ಏನೆಂದರೆ, ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್‌ನಲ್ಲಿ 2ನೇ ಶತಮಾನದ್ದೆನ್ನುವ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕಡಲತೀರದ ರಾಜನೊಬ್ಬನಿಗೆ ಕುಡಿಸಿ, ಅವನ ಕೈಗೆ ಸಿಕ್ಕಿದ್ದ ಗ್ರೀಕ್ ಹುಡುಗಿಯನ್ನು ಬಿಡಿಸಿಕೊಂಡು ಹೋಗುವ ಕಥೆ. ಅದರಲ್ಲಿ ರಾಜನ ಕಡೆಯವರು ಆಡುವುದು ಗ್ರೀಕರ ಕಿವಿಗೆ ಶುದ್ಧ ಬಡಬಡ. 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಅದು ಕನ್ನಡ ಅಂದರು. "ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ" ಎಂದು ಒಂದು ಸಾಲನ್ನು ಓದಿದರು. ಆಮೇಲೆ ಕೆಲವರು ಅಲ್ಲ, ಅದು ತುಳು ಅಂದರು. ಸುಮ್ನೆ ನಗಿಸಲು ಬರೆದ ಅರ್ಥವಿಲ್ಲದ ಸದ್ದು ಅನ್ನುವವರೂ ಇದ್ದಾರೆ. ನನಗಂತೂ ಆ ಕೊಂಚ ಮಧು ಬಿಟ್ಟುಕೊಡಲು ಮನಸ್ಸಿಲ್ಲ.

ಮೊನ್ನೆ ಅಜ್ಜಿ ಫೋನಿನಲ್ಲಿದ್ದಾಗಲೇ ಮೀನಿನವರು ಬಂದರು. "ಬಂಗುಡೆಗ್ ಏತ್?" ಎಂದು ಶುರುಮಾಡಿ, ಚೌಕಾಸಿ ಮುಗಿಸಿ ಮತ್ತೆ ಫೋನು ಕಿವಿಗಿಟ್ಟೆ.

"ಅದ್ಯಾರ ಜೊತೆನೋ ಬಡಬಡ ಅಂತಿದ್ದೆ?" ಅಂದರು ಅಜ್ಜಿ.